ಲಂಕೇಶ್ ಮತ್ತು ಮುಸ್ಲಿಂ ಓದುಗ

ಪಿ. ಲಂಕೇಶ್ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆಯೇನಿಲ್ಲ. ಅವರ ಶಿಷ್ಯರು ಬರೆದಿದ್ದಾರೆ, ಅವರೊಂದಿಗೆ ಜಗಳವಾಡಿ ದೂರವಾದವರು ಬರೆದಿದ್ದಾರೆ, ಅವರಿಂದ ಬೈಸಿಕೊಂಡವರೂ ಬರೆದಿದ್ದಾರೆ. ನವ್ಯದ ವಿಮರ್ಶಕರು ಅವರ ಕಥೆ, ಕವಿತೆಗಳನ್ನು ನೋಡಿದರೆ, ಪತ್ರಿಕೋದ್ಯಮದವರು ಅವರ ವಾರಪತ್ರಿಕೆಯನ್ನು ನೋಡಿದರು. ಇವೆಲ್ಲದರ ನಡುವೆ ಒಂದು ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಲಂಕೇಶ್ ಪತ್ರಿಕೆಯನ್ನು ವಾರವಾರ ಕಾದು ಓದಿದವರಲ್ಲಿ ಮುಸ್ಲಿಮರೂ ಇದ್ದರಲ್ಲ, ಅವರಿಗೆ ಈ ಮನುಷ್ಯ ಏನಾಗಿದ್ದರು? ಏನು ಕೊಟ್ಟರು, ಏನು ಕೊಡಲಾಗಲಿಲ್ಲ?

ಚನ್ನಗಿರಿ, ಹೊನ್ನಾಳಿ ಕಡೆಯವರಾದ ನಮಗೆ ಈ ಪ್ರಶ್ನೆ ಹೊರಗಿನದಲ್ಲ. ಈ ಎರಡೂ ತಾಲ್ಲೂಕುಗಳು 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವ ತನಕ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ. ಶಿವಮೊಗ್ಗ ತಾಲ್ಲೂಕು ನಮ್ಮ ನ್ಯಾಮತಿ, ಹೊನ್ನಾಳಿಗಳಿಗೆ ಅಂಟಿಕೊಂಡೇ ಇದೆ. ಅತ್ತ ಪೂರ್ತಿ ಮಲೆನಾಡಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಅವರ ಕಥೆಗಳಲ್ಲಿ ಬರುವ ಹಳ್ಳಿ, ಅಲ್ಲಿನ ಜಗಳ, ಮಾತಿನ ಮೊನಚು, ಎದುರಿಗಿರುವವನನ್ನು ಕಿಚಾಯಿಸುತ್ತಲೇ ಪ್ರೀತಿ ತೋರಿಸುವ ರೀತಿ, ಇವನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಸಂತೆಯಲ್ಲಿ ಕೇಳಿದ ಮಾತೇ ಅಚ್ಚಾದಂತಿತ್ತು. ಮೈಸೂರಿನ, ಧಾರವಾಡದ ಕನ್ನಡ ಸಾಹಿತ್ಯದಲ್ಲಿ ಆಗಲೇ ಊರಿಕೊಂಡಿತ್ತು. ನಮ್ಮ ಕಡೆಯ ಕನ್ನಡಕ್ಕೆ ಮರ್ಯಾದೆ ಸಿಕ್ಕಿದ್ದು ಬಹುಮಟ್ಟಿಗೆ ಇವರಿಂದ.

ಅವರ ಬದುಕಿನ ವಿವರ ಬಹಳ ಜನಕ್ಕೆ ಗೊತ್ತಿರುವುದರಿಂದ ಇಲ್ಲಿ ಉದ್ದ ಬೆಳೆಸುವುದಿಲ್ಲ. ಲಿಂಗಾಯತ ರೈತ ಮನೆತನದಿಂದ ಬಂದು ಇಂಗ್ಲಿಷ್ ಸಾಹಿತ್ಯ ಓದಿ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜು, ಆಮೇಲೆ ಬೆಂಗಳೂರಿನಲ್ಲಿ ಮೇಷ್ಟ್ರಾದರು. ಮೊದಲ ಕಥಾಸಂಕಲನ 1963ರಲ್ಲಿ, ‘ಬಿರುಕು’ ಕಾದಂಬರಿ 1967ರಲ್ಲಿ. ಬೋದಿಲೇರನ ಕವಿತೆಗಳನ್ನು ಕನ್ನಡಕ್ಕೆ ತಂದರು. ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನಾದರು. ‘ಪಲ್ಲವಿ’ ಚಿತ್ರಕ್ಕೆ 1976ರ ಸಾಲಿನ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದರು. 1980ರ ಜುಲೈನಲ್ಲಿ, ಮೇಷ್ಟರಿಕೆ ಸಿನಿಮಾ ಎಲ್ಲ ಬಿಟ್ಟು, ‘ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಆಗ ಅವರಿಗೆ ನಲವತ್ತೈದು ವರ್ಷ. 2000ದ ಜನವರಿ 25ರಂದು ತೀರಿಕೊಳ್ಳುವ ತನಕ ಅದರ ಸಂಪಾದಕರಾಗಿದ್ದರು.

ಆ ಪತ್ರಿಕೆಯಲ್ಲಿ ಜಾಹೀರಾತು ಇರಲಿಲ್ಲ. ಇದನ್ನು ಲಂಕೇಶರ ಹಟವೆಂದೋ ಆದರ್ಶವೆಂದೋ ಹೊಗಳಿ ಮುಂದೆ ಹೋಗುವವರೇ ಹೆಚ್ಚು. ಅದರ ಅರ್ಥವನ್ನು ಬೇರೆ ರೀತಿ ನೋಡಬೇಕು. ಜಾಹೀರಾತಿಲ್ಲದ ಪತ್ರಿಕೆಗೆ ಓದುಗನ ದುಡ್ಡೊಂದೇ ಆಧಾರ. ಹೊನ್ನಾಳಿ ಬಸ್‌ ಸ್ಟ್ಯಾಂಡಿನಲ್ಲಿ ಒಂದು ಪ್ರತಿ ಕೊಳ್ಳುವವನು, ಅದನ್ನು ಕ್ಷೌರದಂಗಡಿಯಲ್ಲೋ ಬೀಡಿ ಅಂಗಡಿಯಲ್ಲೋ ಇನ್ನು ಹತ್ತು ಜನಕ್ಕೆ ಓದಲು ಕೊಡುವವನು, ಅವನೇ ಯಜಮಾನ. ಹೀಗಾಗಿ ಆ ಓದುಗ ಯಾರು, ಯಾವ ಜಾತಿ, ಮನೆಯಲ್ಲಿ ಯಾವ ಭಾಷೆ ಆಡುತ್ತಾನೆ ಎನ್ನುವುದು ಸಂಪಾದಕನಿಗೆ ಲೆಕ್ಕಕ್ಕೆ ಬರಲೇಬೇಕಾಗುತ್ತದೆ. ದೊಡ್ಡ ದಿನಪತ್ರಿಕೆಗಳಿಗೆ ಮುಸ್ಲಿಮರು ಹಬ್ಬದ ದಿನದ ಫೋಟೋ, ಗಲಭೆಯ ದಿನದ ಸುದ್ದಿ. ಲಂಕೇಶ್ ಪತ್ರಿಕೆಯಲ್ಲಿ ಅವರು ಓದುಗರು, ಪತ್ರ ಬರೆಯುವವರು, ವರದಿ ಕಳಿಸುವವರು, ಕೊನೆಗೆ ಕಾದಂಬರಿ ಬರೆಯುವವರು ಆದರು. ಈ ಬದಲಾವಣೆಯನ್ನು ‘ಸಹಾನುಭೂತಿ’ ಎಂಬ ಪದದಲ್ಲಿ ಹೇಳಿದರೆ ಚಿಕ್ಕದಾಗುತ್ತದೆ. ಸಹಾನುಭೂತಿ ತೋರಿಸಿದ ಪತ್ರಿಕೆಗಳು ಬೇರೆಯೂ ಇದ್ದವು.

ಪತ್ರಿಕೆ ಹುಟ್ಟಿದ ತಿಂಗಳೇ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ಗುಂಡೂರಾವ್ ಸರ್ಕಾರದ ವಿರುದ್ಧ ಪತ್ರಿಕೆ ಬರೆದದ್ದು, 1983ರಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡದ್ದು ಇತಿಹಾಸ. ರೈತಸಂಘ, ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಸಂಘಟನೆ ಎಲ್ಲಕ್ಕೂ ಆ ಪುಟಗಳು ಒಂದು ಕಟ್ಟೆಯಾದವು. ನಮ್ಮ ಜಿಲ್ಲೆಯ ಸಮಾಜವಾದಿಗಳ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು. ಶಾಂತವೇರಿ ಗೋಪಾಲಗೌಡರು ಬಿತ್ತಿದ ಲೋಹಿಯಾ ವಿಚಾರ ಶಿವಮೊಗ್ಗ ಸೀಮೆಯ ಒಂದು ಪೀಳಿಗೆಯನ್ನೇ ತಯಾರು ಮಾಡಿತ್ತು. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ್ದು ಇದೇ ಮಣ್ಣಿನ ಸೊಕ್ಕು. ದೆಹಲಿಯ ಸಭೆಯಲ್ಲಿ ಪಟೇಲರು ಮಾಡಿದ್ದನ್ನು ಲಂಕೇಶ್ ಅಚ್ಚಿನಲ್ಲಿ ಮಾಡಿದರು ಅನ್ನಬಹುದು. ದೊಡ್ಡವರ ಮುಂದೆ ಹಳ್ಳಿಯವನು ತನ್ನ ಮಾತು ಬದಲಿಸಿಕೊಳ್ಳಲಿಲ್ಲ, ಅಷ್ಟೇ.

ಇನ್ನು ಅವರ ಬರವಣಿಗೆಗೆ ಬರೋಣ. ಲಂಕೇಶರ ಕಥೆಗಳಲ್ಲಿ ಲಿಂಗಾಯತ, ಬ್ರಾಹ್ಮಣ, ದಲಿತ ಮನೆಗಳ ಒಳಗು ಕಾಣುತ್ತದೆ. ಅಲ್ಲಿನ ಆಸೆ, ಅಸೂಯೆ, ಹಸಿವು, ಕಾಮ ಎಲ್ಲ ಕಾಣುತ್ತದೆ. ಮುಸ್ಲಿಂ ಮನೆಯ ಒಳಕೋಣೆ ಅವರ ಕಥೆಗಳ ಕೇಂದ್ರವಾಗಲಿಲ್ಲ. ಇದನ್ನು ದೋಷ ಎಂದು ಎಣಿಸಬೇಕೇ? ನನಗೆ ಹಾಗನ್ನಿಸುವುದಿಲ್ಲ. ತನಗೆ ಗೊತ್ತಿಲ್ಲದ ಅಡುಗೆಮನೆಗೆ ನುಗ್ಗಿ, ಅಲ್ಲಿ ಬಿರಿಯಾನಿ, ಅತ್ತರು, ಬುರ್ಖಾ ಹುಡುಕಿ ತಂದು ‘ಮುಸ್ಲಿಂ ಬದುಕು’ ಎಂದು ಬರೆದವರನ್ನು ಕನ್ನಡ ಕಂಡಿದೆ. ಲಂಕೇಶ್ ಆ ಕೆಲಸಕ್ಕೆ ಕೈಹಾಕಲಿಲ್ಲ. ತಾವು ಬರೆಯಲಾಗದ್ದನ್ನು ಬರೆಯಬಲ್ಲವರಿಗೆ ಪುಟ ಬಿಟ್ಟುಕೊಟ್ಟರು. ಲೇಖಕನಾಗಿ ಅವರಲ್ಲಿದ್ದ ಸಂಯಮ, ಸಂಪಾದಕನಾಗಿ ಅವರಲ್ಲಿದ್ದ ಆಸೆಬುರುಕತನ ಎರಡೂ ಸೇರಿ ಈ ಕೆಲಸ ಆಯಿತು.

ಆದರೆ ಒಂದು ಕಡೆ ಅವರು ಮುಸ್ಲಿಂ ಜಗತ್ತನ್ನು ನೇರವಾಗಿ ಎತ್ತಿಕೊಂಡರು. ಅದು 1993ರಲ್ಲಿ ಪ್ರಕಟವಾದ ‘ಗುಣಮುಖ’ ನಾಟಕ. ಇದನ್ನು ಕುರಿತು ಸ್ವಲ್ಪ ನಿಧಾನವಾಗಿ ಮಾತಾಡಬೇಕು. 1739ರಲ್ಲಿ ಪರ್ಷಿಯಾದ ನಾದಿರ್‌ಶಾ ದೆಹಲಿಯನ್ನು ಗೆದ್ದು, ಅಲ್ಲಿ ಕತ್ತಿಯಾಡಿಸಿ, ದೋಚಿದ. ನಾಟಕದಲ್ಲಿ ಗೆದ್ದ ನಾದಿರ್‌ಶಾಗೆ ಕಾಯಿಲೆ. ಸುತ್ತ ಇರುವವರೆಲ್ಲ ಹೆದರಿದವರು. ಅವನಿಗೆ ಹಿತವಾದ ಮಾತನ್ನಷ್ಟೇ ಆಡುವವರು. ಅಲ್ಲಿಗೆ ಹಕೀಮ ಅಲಾವಿಖಾನ್ ಬರುತ್ತಾನೆ. ಇತಿಹಾಸದಲ್ಲೂ ಇದ್ದ ವೈದ್ಯ ಈತ. ಮೊಗಲ್ ದೊರೆ ಮುಹಮ್ಮದ್ ಶಾನ ಆಸ್ಥಾನದಲ್ಲಿದ್ದವನನ್ನು ನಾದಿರ್‌ಶಾ ತನ್ನೊಂದಿಗೆ ಕರೆದೊಯ್ದ. ಲಂಕೇಶರ ಅಲಾವಿಖಾನ್ ಹೆದರುವುದಿಲ್ಲ. ರೋಗಿಯನ್ನು ಚಕ್ರವರ್ತಿ ಎಂದು ನೋಡದೆ ರೋಗಿ ಎಂದೇ ನೋಡುತ್ತಾನೆ. ಔಷಧಿಗಿಂತ ಮೊದಲು ಮಾತಾಡುತ್ತಾನೆ. ಕಾಯಿಲೆ ಹೊಟ್ಟೆಯಲ್ಲಿ, ತಲೆಯಲ್ಲಿ ಇಲ್ಲ, ಯಾರನ್ನೂ ನಂಬಲಾರದ, ಯಾರಿಂದಲೂ ಪ್ರೀತಿ ಪಡೆಯಲಾರದ ಅಧಿಕಾರದಲ್ಲೇ ಇದೆ ಎಂಬುದು ನಿಧಾನಕ್ಕೆ ನಮಗೆ ತಿಳಿಯುತ್ತ ಹೋಗುತ್ತದೆ.

ಈ ನಾಟಕ ಬಂದ ಕಾಲವನ್ನು ನೆನಪಿಸಿಕೊಳ್ಳಿ. ಬಾಬರಿ ಮಸೀದಿ ಉರುಳಿದ್ದು 1992ರ ಡಿಸೆಂಬರ್ 6ರಂದು. ಅಂದಿನ ಗಾಳಿಯಲ್ಲಿ ‘ದಾಳಿಕೋರ ಮುಸ್ಲಿಂ’ ಎಂಬ ಬೊಂಬೆ ಎಲ್ಲ ಕಡೆ ಕುಣಿಯುತ್ತಿತ್ತು. ಘಜ್ನಿ, ಘೋರಿ, ಬಾಬರ್, ನಾದಿರ್ ಎಲ್ಲರೂ ನಮ್ಮ ಪಕ್ಕದ ಬೀದಿಯ ಸೈಕಲ್ ರಿಪೇರಿಯವನ ತಾತಂದಿರಾಗಿಬಿಟ್ಟಿದ್ದರು. ಆ ಹೊತ್ತಿನಲ್ಲಿ ಪ್ರಗತಿಪರ ಲೇಖಕನೊಬ್ಬ ಮುಸ್ಲಿಂ ಪಾತ್ರ ಬರೆಯುವುದೆಂದರೆ ಸಾಮಾನ್ಯವಾಗಿ ಒಬ್ಬ ಸೂಫಿಯನ್ನೋ, ಕಬೀರನನ್ನೋ, ಒಳ್ಳೆಯ ಪಿಂಜಾರನನ್ನೋ ಹಿಡಿದುಕೊಳ್ಳುವುದು. ಲಂಕೇಶ್ ಹಾಗೆ ಸುಲಭದ ದಾರಿ ಹಿಡಿಯಲಿಲ್ಲ. ದಾಳಿಕೋರನನ್ನೇ ಎತ್ತಿಕೊಂಡರು. ಕಟುಕ ಕಟುಕನೇ, ಅವನ ಪರ ವಕಾಲತ್ತಿಲ್ಲ. ಆದರೆ ಅವನಿಗೆ ಎದುರಾಗಿ ನಿಲ್ಲುವವನೂ ಮುಸ್ಲಿಮನೇ. ರೋಗಿಯ ಧರ್ಮ, ವೈದ್ಯನ ಧರ್ಮ ಒಂದೇ ಆದಾಗ ಕಾಯಿಲೆಗೆ ಧರ್ಮದ ಹೆಸರಿಡುವುದು ಹೇಗೆ? ಕೋಮುವಾದಕ್ಕೆ ಉತ್ತರವಾಗಿ ಬಂದ ಕನ್ನಡ ಬರಹಗಳಲ್ಲಿ ಇಷ್ಟು ಜಾಣತನದ, ಇಷ್ಟು ಕಡಿಮೆ ಗದ್ದಲದ ಉತ್ತರ ಇನ್ನೊಂದು ನನಗೆ ಕಾಣದು. ‘ನಾವೆಲ್ಲ ಒಂದೇ’ ಎಂಬ ಉಪದೇಶವನ್ನು ಅದು ಹೇಳುವುದೇ ಇಲ್ಲ.

ಗುಣಮುಖದ ಪಕ್ಕದಲ್ಲಿ ‘ಮುಟ್ಟಿಸಿಕೊಂಡವನು’ ಕಥೆಯನ್ನು ಇಟ್ಟು ಓದಬೇಕೆಂದು ನನ್ನ ಸೂಚನೆ. ಪಿಯುಸಿ ಪಠ್ಯದಲ್ಲಿ ಸೇರಿದ್ದರಿಂದ ಈ ಕಥೆ ನಮ್ಮ ಹುಡುಗ ಹುಡುಗಿಯರಿಗೆ ಗೊತ್ತು. ಬಸಲಿಂಗ ಎಂಬ ರೈತನ ಕಣ್ಣಿಗೆ ತಿಮ್ಮಪ್ಪ ಎಂಬ ಡಾಕ್ಟರ್ ಚಿಕಿತ್ಸೆ ಮಾಡುತ್ತಾರೆ. ಡಾಕ್ಟರು ದಲಿತರೆಂದು ಆಮೇಲೆ ತಿಳಿಯುತ್ತದೆ. ಮುಟ್ಟಿಸಿಕೊಂಡ ಮೈಲಿಗೆ ಕಳೆಯಲು ಬಸಲಿಂಗ ತಲೆಗೆ ನೀರು ಹಾಕಿಕೊಳ್ಳುತ್ತಾನೆ, ಕಣ್ಣು ಕೆಡಿಸಿಕೊಳ್ಳುತ್ತಾನೆ. ದೆಹಲಿಯ ಚಕ್ರವರ್ತಿ, ಶಿವಮೊಗ್ಗ ಕಡೆಯ ಬಡ ರೈತ. ಇಬ್ಬರೂ ರೋಗಿಗಳು. ಇಬ್ಬರಿಗೂ ಗುಣಪಡಿಸುವ ಕೈ ಹತ್ತಿರದಲ್ಲೇ ಇದೆ. ಒಬ್ಬನಿಗೆ ಆ ಕೈಯನ್ನು ನಂಬಲು ಅಧಿಕಾರ ಬಿಡುವುದಿಲ್ಲ, ಇನ್ನೊಬ್ಬನಿಗೆ ಜಾತಿ ಬಿಡುವುದಿಲ್ಲ. ಲಂಕೇಶರಿಗೆ ವೈದ್ಯರ ಮೇಲೆ ಯಾಕಿಷ್ಟು ಒಲವು ಎಂದು ಯೋಚಿಸಿದ್ದೇನೆ. ರೋಗಿಯಾದಾಗ ಮಾತ್ರ ಮನುಷ್ಯ ತನ್ನ ಮೈಯನ್ನು ಬೇರೆಯವನ ಕೈಗೆ ಒಪ್ಪಿಸುತ್ತಾನೆ. ಊಟಕ್ಕೆ ಕೂರುವಾಗ, ಹೆಣ್ಣು ಕೊಡುವಾಗ, ಮನೆ ಬಾಡಿಗೆ ಕೊಡುವಾಗ ಕಾಪಾಡಿಕೊಳ್ಳುವ ದೂರ ಅಲ್ಲಿ ಸಾಧ್ಯವಿಲ್ಲ. ನಮ್ಮೂರುಗಳಲ್ಲಿ ಇವತ್ತು ಮುಸ್ಲಿಂ ಡಾಕ್ಟರರ ಬಳಿ ಹೋಗಬೇಡಿ, ಹಣ್ಣಿನ ಅಂಗಡಿಗೆ ಹೋಗಬೇಡಿ ಎಂದು ಮೊಬೈಲಿನಲ್ಲಿ ಸಂದೇಶ ಹರಿದಾಡುವುದನ್ನು ಕಂಡವರಿಗೆ ಬಸಲಿಂಗನ ಕಥೆ ಹಳೆಯದೆನಿಸುವುದಿಲ್ಲ. ಹಾಗೆಯೇ ಕೊರೋನಾ ಕಾಲದಲ್ಲಿ ಸೂಜಿ ಹಾಕಿಸಿಕೊಳ್ಳಬೇಡಿ ಎಂದು ನಮ್ಮವರೇ ಕೆಲವರು ಓಣಿಯಲ್ಲಿ ಹಬ್ಬಿಸಿದ್ದನ್ನೂ ಮರೆಯಬಾರದು. ಅದೂ ಕೈಯನ್ನು ನಂಬದ ಕಾಯಿಲೆಯೇ.

‘ಸಂಕ್ರಾಂತಿ’ ನಾಟಕ ಇನ್ನೊಂದು ರೀತಿಯಲ್ಲಿ ನಮ್ಮ ಮನೆಗೆ ಹತ್ತಿರ. ಹನ್ನೆರಡನೆಯ ಶತಮಾನದ ಕಲ್ಯಾಣ. ದಲಿತ ತರುಣ ರುದ್ರ ಶರಣನಾಗುತ್ತಾನೆ. ಅಪ್ಪ ಉಜ್ಜನಿಗೆ ಹಳೆಯ ದೇವರು, ಹಳೆಯ ಊಟ, ಹಳೆಯ ಹಾಡು ಬಿಡಲು ಮನಸ್ಸಿಲ್ಲ. ಸುಧಾರಣೆ ಎಷ್ಟು ಒಳ್ಳೆಯದಾದರೂ ಅದು ಮನೆಯೊಳಗೆ ಬಂದಾಗ ಮೊದಲು ಅಪ್ಪನಿಗೆ ಅವಮಾನ ಮಾಡುತ್ತದೆ ಎಂಬುದನ್ನು ಲಂಕೇಶ್ ಕಂಡಿದ್ದರು. ಇದನ್ನು ಓದುವಾಗ ಮುಸ್ಲಿಂ ಓದುಗನಿಗೆ ಬೇರೊಂದು ಚಿತ್ರ ಕಣ್ಣಿಗೆ ಬರುತ್ತದೆ. ಇಜ್ತಿಮಾಕ್ಕೆ ಹೋಗಿ ಬಂದ ಮಗ, ಮೊಹರಮ್ಮಿನಲ್ಲಿ ಅಲಾಯಿ ಮುಂದೆ ಹೆಜ್ಜೆ ಹಾಕುತ್ತಿದ್ದ ಅಪ್ಪನಿಗೆ ಅದು ತಪ್ಪು ಎನ್ನುತ್ತಾನೆ. ಉರುಸಿಗೆ ಹೋಗಬೇಡ ಎಂದು ಅಮ್ಮನಿಗೆ ಹೇಳುತ್ತಾನೆ. ಮಗನ ಕಡೆಗೂ ಕಾರಣಗಳಿವೆ. ಅಪ್ಪನಿಗೂ ನೋವಿದೆ. ಈ ಜಗಳ ನಮ್ಮ ಎಷ್ಟೋ ಹಳ್ಳಿಗಳಲ್ಲಿ ನಡೆದಿದೆ. ಇದನ್ನು ಯಾರ ಪಕ್ಷವನ್ನೂ ವಹಿಸದೆ ಬರೆದ ಕನ್ನಡ ಕಥೆ, ನಾಟಕ ನಮ್ಮಲ್ಲಿ ಇನ್ನೂ ಬರಬೇಕಾಗಿದೆ. ಅದಕ್ಕೆ ಬೇಕಾದ ಮಾದರಿ ಮಾತ್ರ ಸಂಕ್ರಾಂತಿಯಲ್ಲಿ ಸಿದ್ಧವಾಗಿದೆ.

ಸಂಪಾದಕ ಲಂಕೇಶ್ ಮಾಡಿದ್ದನ್ನು ಸಾರಾ ಅಬೂಬಕ್ಕರ್ ಅವರಿಂದ ಹೇಳಲು ತೊಡಗುವುದು ನ್ಯಾಯ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ, ಮದುವೆಯಾಗಿ ಮಕ್ಕಳಾದ ಮೇಲೆ ಬರೆಯಲು ಕೂತ ಹೆಂಗಸು. 1981ರಲ್ಲಿ ಕೋಮು ಸೌಹಾರ್ದದ ಕುರಿತ ಅವರ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಬಂತು. ‘ಚಂದ್ರಗಿರಿಯ ತೀರದಲ್ಲಿ’ ಅಲ್ಲೇ ಧಾರಾವಾಹಿಯಾಯಿತು, 1984ರಲ್ಲಿ ಪುಸ್ತಕವಾಯಿತು. ನಾದಿರಾ ಎಂಬ ಹುಡುಗಿ, ಅವಳ ಅಪ್ಪನ ಹಟ, ಬಲವಂತದ ತಲಾಕು, ಮತ್ತೆ ಗಂಡನ ಮನೆ ಸೇರಬೇಕಾದರೆ ಬೇರೊಬ್ಬನ ಒಂದು ರಾತ್ರಿಯ ಹೆಂಡತಿಯಾಗಬೇಕೆಂಬ ಷರತ್ತು, ಕೊನೆಗೆ ಮಸೀದಿಯ ಕೊಳ. ಕನ್ನಡ ಓದುಗರು ಬೆಚ್ಚಿಬಿದ್ದರು. ಮುಸ್ಲಿಂ ಓದುಗರಲ್ಲಿ ಬಹಳ ಜನ ಸಿಟ್ಟಾದರು.

ಆ ಸಿಟ್ಟನ್ನು ‘ಮತಾಂಧತೆ’ ಎಂಬ ಒಂದೇ ಪದದಿಂದ ಮುಗಿಸುವ ರೂಢಿ ನಮ್ಮ ವಿಮರ್ಶೆಯಲ್ಲಿದೆ. ನಾನು ಒಪ್ಪುವುದಿಲ್ಲ. ಅದರಲ್ಲಿ ಗಂಡಸರ ಅಹಂಕಾರ ಖಂಡಿತ ಇತ್ತು. ಮನೆಯ ಮಾತನ್ನು ಬೀದಿಗೆ ತಂದಳು ಎಂಬ ದೂರಿನ ಹಿಂದೆ, ಮನೆಯೊಳಗೆ ನಡೆದದ್ದಕ್ಕೆ ನಾಚಿಕೆಯಿಲ್ಲ, ಹೇಳಿದ್ದಕ್ಕೆ ಮಾತ್ರ ನಾಚಿಕೆ ಎಂಬ ಕಪಟವೂ ಇತ್ತು. ಆದರೆ ಇನ್ನೊಂದು ಸಂಗತಿಯೂ ಇತ್ತು. ಪುಸ್ತಕ ಬಂದ ಮರುವರ್ಷವೇ ಶಾಬಾನು ತೀರ್ಪು ಬಂತು, 1986ರಲ್ಲಿ ಕಾಯ್ದೆ ಬಂತು, ದೇಶದ ತುಂಬ ಮುಸ್ಲಿಂ ಎಂದರೆ ತಲಾಕ್ ಎಂಬ ಮಾತಾಯಿತು. ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಹೋಗುವ, ಜಗಳೂರಿನ ಬರದಲ್ಲಿ ಗುಳೆ ಹೋಗುವ ಮುಸ್ಲಿಂ ಹೆಂಗಸಿನ ಕೂಲಿ, ಹಸಿವು, ಮಕ್ಕಳ ಶಾಲೆ ಯಾರ ಕಥೆಯಲ್ಲೂ ಬರಲಿಲ್ಲ. ಒಂದೇ ಕಾದಂಬರಿ ಇಡೀ ಸಮುದಾಯದ ಹೊರೆಯನ್ನು ಹೊರಬೇಕಾಗಿ ಬಂತು. ಯಾವ ಕಾದಂಬರಿಗೂ ಆ ಶಕ್ತಿ ಇರುವುದಿಲ್ಲ. ಕುವೆಂಪು ಕಾದಂಬರಿ ಓದಿ ಯಾರೂ ಒಕ್ಕಲಿಗರೆಲ್ಲ ಹೀಗೆ ಎನ್ನುವುದಿಲ್ಲ. ಅನಂತಮೂರ್ತಿ ಓದಿ ಬ್ರಾಹ್ಮಣರೆಲ್ಲ ಹೀಗೆ ಎಂದವರು ಇದ್ದರೂ, ಅದನ್ನು ಅಳಿಸಲು ಬೇರೆ ನೂರು ಪುಸ್ತಕ ಇದ್ದವು. ನಮಗೆ ಇದ್ದದ್ದು ಬೆರಳೆಣಿಕೆ. ತಪ್ಪು ಸಾರಾ ಬರೆದದ್ದರಲ್ಲಿ ಇರಲಿಲ್ಲ, ಅವರ ಜತೆ ಇನ್ನೂ ಹತ್ತು ಜನ ಬರೆಯದಿದ್ದುದರಲ್ಲಿ ಇತ್ತು. 2023ರ ಜನವರಿಯಲ್ಲಿ ಸಾರಾ ತೀರಿಕೊಂಡಾಗ ಅವರನ್ನು ಬೈದಿದ್ದವರ ಮನೆಗಳಲ್ಲೂ ಮೊಮ್ಮಕ್ಕಳು ಅವರ ಪುಸ್ತಕ ಓದುತ್ತಿದ್ದರು. ಒಂದೇ ಸಲಕ್ಕೆ ಹೇಳುವ ತಲಾಕನ್ನು ಸುಪ್ರೀಂ ಕೋರ್ಟು 2017ರಲ್ಲಿ ಅಸಿಂಧುಗೊಳಿಸುವ ಹೊತ್ತಿಗೆ ಕನ್ನಡದಲ್ಲಿ ಆ ಚರ್ಚೆಗೆ ಮೂವತ್ತೈದು ವರ್ಷ ದಾಟಿತ್ತು.

ಇಲ್ಲಿ ಲಂಕೇಶರ ಮೇಲೂ ಒಂದು ಆಕ್ಷೇಪ ಇದೆ. ಅವರ ಪತ್ರಿಕೆಗೆ ಬಂಡಾಯ ಬೇಕಿತ್ತು, ಕಿಡಿ ಬೇಕಿತ್ತು. ಮುಸ್ಲಿಂ ಹೆಂಗಸು ಬರೆದರೆ ಮೌಲ್ವಿಯ ವಿರುದ್ಧವೇ ಬರೆಯಬೇಕು ಎಂಬ ನಿರೀಕ್ಷೆ ಆ ಪುಟಗಳಲ್ಲಿ ಬೆಳೆಯಿತು. ಸಾಮಾನ್ಯ ದಿನದ, ಏನೂ ನಡೆಯದ, ಮಧ್ಯಾಹ್ನ ಹೆಂಗಸರು ಬೀಡಿ ಕಟ್ಟುತ್ತ ನಗುವ ಕಥೆಗೆ ವಾರಪತ್ರಿಕೆಯಲ್ಲಿ ಜಾಗ ಕಡಿಮೆ. ಪತ್ರಿಕೆಯ ಇನ್ನೊಂದು ಮುಖವನ್ನೂ ಮುಚ್ಚಿಡಬೇಕಾಗಿಲ್ಲ. ಅಡ್ಡಹೆಸರಿಡುವುದು, ಮನುಷ್ಯನ ಮೈ, ನಡೆ, ಖಾಸಗಿ ಬದುಕನ್ನು ಎಳೆದು ಹಂಗಿಸುವುದು, ಇವತ್ತು ಹೊಗಳಿದವನನ್ನು ನಾಳೆ ಹರಿದು ಹಾಕುವುದು ಅದರ ಚಾಳಿಯಾಗಿತ್ತು. ಎಷ್ಟೋ ಜನ ಕೊಳ್ಳುತ್ತಿದ್ದುದೇ ಅದಕ್ಕಾಗಿ. ಲಂಕೇಶರಿಗೆ ಅದು ಒಂದು ಉಪಕರಣ, ಅದರ ಹಿಂದೆ ಬೋದಿಲೇರ್ ಓದಿದ, ಬಸವಣ್ಣನನ್ನು ಬಲ್ಲ ಮನಸ್ಸಿತ್ತು. ಆಮೇಲೆ ಆ ಮಾದರಿ ಹಿಡಿದು ತಾಲ್ಲೂಕು ತಾಲ್ಲೂಕಿಗೆ ಹುಟ್ಟಿಕೊಂಡ ವಾರಪತ್ರಿಕೆಗಳಿಗೆ ಹಂಗಿಸುವ ನಾಲಗೆಯಷ್ಟೇ ಬಂತು. ‘ಬರೀತೀನಿ ನೋಡು’ ಎಂದು ಕಚೇರಿಗಳಲ್ಲಿ ಹೆದರಿಸಿ ಕಾಸು ಕೀಳುವ ಕಸುಬಿಗೆ ಅವು ದಾರಿ ಮಾಡಿದವು. ಅದೇ ನಾಲಗೆ ಮುಂದೆ ಮುಸ್ಲಿಮರ ಕಡೆ ತಿರುಗಿದಾಗ ಏನಾಯಿತೆಂದು ಹೇಳಬೇಕಾಗಿಲ್ಲ.

ಗುಣಮುಖವನ್ನು ಮತ್ತೆ ಓದಿದರೆ ನನಗೊಂದು ಅನುಮಾನ. ಎಲ್ಲರೂ ಹೆದರುವ, ಯಾರನ್ನೂ ನಂಬದ, ಹೊಗಳುವವರ ನಡುವೆ ಒಂಟಿಯಾದ ಆ ರೋಗಿಯಲ್ಲಿ ಸಂಪಾದಕನ ಛಾಯೆಯೂ ಇಲ್ಲವೇ? ನಾಟಕ ಬರುವಾಗ ಪತ್ರಿಕೆಗೆ ಹದಿಮೂರು ವರ್ಷ. ಮಂತ್ರಿಗಳು ನಡುಗುತ್ತಿದ್ದ ಕಾಲ ಅದು. ಲಂಕೇಶ್ ತಮ್ಮನ್ನು ತಾವೇ ಬರೆದುಕೊಂಡರೆಂದು ನಾನು ಹೇಳುವುದಿಲ್ಲ. ಆದರೆ ಅಧಿಕಾರದ ಕಾಯಿಲೆಯನ್ನು ಇಷ್ಟು ಒಳಗಿನಿಂದ ಬಲ್ಲವರು ಅದನ್ನು ಬರಿಯ ಇತಿಹಾಸದ ಪುಸ್ತಕದಿಂದ ಕಲಿತಿರಲಾರರು.

ಬಾನು ಮುಷ್ತಾಕ್ ಕಡೆಗೆ ಬರೋಣ. ಹಾಸನದ ಬಾನು ಸುಮಾರು ಹತ್ತು ವರ್ಷ ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ನಗರಸಭೆಗೆ ಗೆದ್ದು ಬಂದವರು, ಆಮೇಲೆ ವಕೀಲರಾದವರು. ವರದಿಗಾರಿಕೆ ಅವರ ಕಥೆಗೆ ಏನು ಕೊಟ್ಟಿತು ಎನ್ನುವುದು ಓದಿದರೆ ಗೊತ್ತಾಗುತ್ತದೆ. ಸಾರಾ ಅವರ ಕಥೆಯಲ್ಲಿ ಒಂದು ಅನ್ಯಾಯ ಮೊದಲಿನಿಂದ ಕೊನೆಯ ತನಕ ನೇರ ಹರಿಯುತ್ತದೆ, ಹೊಳೆಯ ಹಾಗೆ. ಬಾನು ಅವರಲ್ಲಿ ಮುತವಲ್ಲಿಯೂ ಇದ್ದಾನೆ, ಅವನ ಹೆಂಡತಿಯೂ ಇದ್ದಾಳೆ, ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವಳೂ ಇದ್ದಾಳೆ. ಮಸೀದಿ ಕಮಿಟಿಯ ರಾಜಕೀಯ ಇದೆ. ಜತೆಗೆ ನಗು ಇದೆ. ಗಂಡಸರ ಗತ್ತನ್ನು ಕಂಡು ಹೆಂಗಸರು ಸೆರಗಿನ ಮರೆಯಲ್ಲಿ ನಗುವ ನಗು. ‘ಕರಿನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಂಗಸರಿಗೂ ಮಸೀದಿಯಲ್ಲಿ ನಮಾಜಿಗೆ ಅವಕಾಶ ಬೇಕು ಎಂದು ಬಾನು ಹೇಳಿದ್ದಕ್ಕೆ 2000ದಲ್ಲಿ ಅವರಿಗೂ ಅವರ ಮನೆಯವರಿಗೂ ಬಹಿಷ್ಕಾರ ಹಾಕಿದರು. ಅದೇ ಬಾನು ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ತಂದರು. ಸೆಪ್ಟೆಂಬರಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಬೇರೆ ಕಡೆಯವರು ಸುಪ್ರೀಂ ಕೋರ್ಟಿನ ತನಕ ಹೋಗಿ ಬರಿಗೈಯಲ್ಲಿ ಬಂದರು. ಒಬ್ಬಳೇ ಹೆಂಗಸನ್ನು, ಇಪ್ಪತ್ತೈದು ವರ್ಷದ ಅಂತರದಲ್ಲಿ, ಒಮ್ಮೆ ಮಸೀದಿಯ ಬಾಗಿಲಲ್ಲಿ, ಒ‌ಮ್ಮೆ ಚಾಮುಂಡಿಬೆಟ್ಟದಲ್ಲಿ ತಡೆಯಲು ನೋಡಿದವರು ಪರಸ್ಪರ ವೈರಿಗಳು. ಅವರಿಬ್ಬರ ನಡುವಿನ ಹೋಲಿಕೆ ಲಂಕೇಶ್ ಇದ್ದಿದ್ದರೆ ಒಂದು ‘ಟೀಕೆ ಟಿಪ್ಪಣಿ’ಗೆ ಸಾಕಿತ್ತು.

ಗೌರಿಯವರ ಹೆಸರು ಹೇಳದೆ ಈ ಬರಹ ಮುಂದೆ ಹೋಗದು. ಅಪ್ಪನ ಕನ್ನಡದ ರುಚಿ ಅವರಿಗಿರಲಿಲ್ಲ, ಇಂಗ್ಲಿಷ್ ಪತ್ರಿಕೋದ್ಯಮದಿಂದ ಬಂದವರು, ಕನ್ನಡವನ್ನು ಕಷ್ಟಪಟ್ಟು ಹಿಡಿದರು. ಸಾಹಿತ್ಯದ ಅಳತೆಯಲ್ಲಿ ಅವರ ಬರಹ ತಂದೆಯದಕ್ಕೆ ಸಮವಲ್ಲ. ಆದರೆ ಬಾಬಾಬುಡನ್‌ಗಿರಿಯ ವಿಷಯದಲ್ಲಿ ಕೋಮು ಸೌಹಾರ್ದ ವೇದಿಕೆಯೊಂದಿಗೆ ಬೀದಿಗೆ ಇಳಿದರು. ತಂದೆ ಪುಟದಲ್ಲಿ ಜಾಗ ಕೊಟ್ಟರು, ಮಗಳು ಜತೆಗೆ ನಿಂತರು. 2017ರ ಸೆಪ್ಟೆಂಬರ್ 5ರ ರಾತ್ರಿ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಇಲ್ಲಿನ ಮುಸ್ಲಿಮರಿಗೆ ಕನ್ನಡ ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಪುಷ್ಕರಿಣಿಯ ಎದುರೇ ಮುಸಾಫಿರಖಾನೆ ನಿಂತಿದೆ. ಜಗಳೂರಿನ ಜೆ. ಮಹಮದ್ ಇಮಾಂ ಸಾಹೇಬರನ್ನು ಚಿತ್ರದುರ್ಗ ಕ್ಷೇತ್ರದ ಜನ 1957ರಲ್ಲಿ, ಮತ್ತೆ 1967ರಲ್ಲಿ ಲೋಕಸಭೆಗೆ ಕಳಿಸಿದರು. ಅವರಿಗೆ ಮತ ಹಾಕಿದವರಲ್ಲಿ ಮುಸ್ಲಿಮರಲ್ಲದವರೇ ಬಹುಪಾಲು. ಸಾರ್ವಜನಿಕ ಬದುಕಿನಲ್ಲಿ ಇಷ್ಟು ಮುಂಚೆ ಕನ್ನಡದೊಳಗೆ ಬೆರೆತ ಸೀಮೆಯಿಂದ ಕಥೆ, ಕಾದಂಬರಿ ಯಾಕೆ ಅಷ್ಟಾಗಿ ಬರಲಿಲ್ಲ? ಕರಾವಳಿಯಿಂದ ಸಾರಾ, ಬೊಳುವಾರು, ಕಟ್ಪಾಡಿ ಬಂದರು. ಅವರ ಮನೆಮಾತು ಬ್ಯಾರಿಯೋ ಮಲಯಾಳವೋ, ಶಾಲೆ ಕನ್ನಡ. ನಮ್ಮಲ್ಲಿ ಮನೆಮಾತು ದಖನಿ ಉರ್ದು. ಅದಕ್ಕೆ ತನ್ನದೇ ಲಿಪಿ, ತನ್ನದೇ ಸಾಹಿತ್ಯ, ತನ್ನದೇ ಪ್ರತಿಷ್ಠೆ ಇದೆ. ಉರ್ದು ಶಾಲೆಗೆ ಹೋದವನು ಕನ್ನಡದಲ್ಲಿ ಬರೆಯುವುದಿಲ್ಲ. ಕನ್ನಡ ಶಾಲೆಗೆ ಹೋದವನು ಮನೆಯ ಮಾತನ್ನು ಕನ್ನಡದಲ್ಲಿ ಬರೆಯಲು ನಾಚುತ್ತಾನೆ, ಯಾಕೆಂದರೆ ಅವನ ದಖನಿಗೆ ಉರ್ದುವಿನವರೂ ನಗುತ್ತಾರೆ, ಕನ್ನಡದವರೂ ಸಿನಿಮಾ ಹಾಸ್ಯದಲ್ಲಿ ನಗುತ್ತಾರೆ. ಪಕ್ಕದ ತರೀಕೆರೆ ಸೀಮೆಯಿಂದ ರಹಮತ್ ತರೀಕೆರೆ ಬಂದು ಸೂಫಿಗಳ ಬಗ್ಗೆ, ಮೊಹರಮ್ ಬಗ್ಗೆ ಹುಡುಕಿ ಬರೆದು ಆ ನಾಚಿಕೆಯನ್ನು ಅರ್ಧ ಕಳೆದರು. ಆದರೆ ಅವರದು ಸಂಶೋಧನೆ, ವಿಮರ್ಶೆ. ಕಥೆಯ ಜಾಗ ಇನ್ನೂ ಬಹುಪಾಲು ಖಾಲಿ.

ಲಂಕೇಶರಿಂದ ಈ ಸೀಮೆಯ ಹೊಸ ಬರಹಗಾರ ಕಲಿಯಬಹುದಾದದ್ದು ಅವರ ಸಿಟ್ಟನ್ನಲ್ಲ. ‘ಹುಳಿಮಾವಿನ ಮರ’ ತೆಗೆದು ನೋಡಲಿ. 1997ರಲ್ಲಿ ಬಂದ ಆ ಆತ್ಮಕಥೆ ಪುಸ್ತಕವಾಗಿ ಅಷ್ಟೇನೂ ಸಮ ಇಲ್ಲ, ಬೆಂಗಳೂರಿಗೆ ಬಂದ ಮೇಲಿನ ಭಾಗ ಅಲ್ಲಲ್ಲಿ ಹಳೆಯ ಲೆಕ್ಕ ಚುಕ್ತಾ ಮಾಡಿದಂತಿದೆ. ಊರಿನ ಪುಟಗಳು ಬೇರೆ. ಅಲ್ಲಿನ ಜನ ಅವರಿಗೆ ಗೊತ್ತಿದ್ದ ಮಾತಿನಲ್ಲೇ ಮಾತಾಡುತ್ತಾರೆ. ಓದುಗ ಬೆಂಗಳೂರಿನವನೋ ಮಂಗಳೂರಿನವನೋ ಎಂದು ಲೇಖಕ ತಿರುಗಿ ನೋಡುವುದಿಲ್ಲ. ಕೊನಗವಳ್ಳಿಯ ಮಾತು ಹೀಗೆ ಅಚ್ಚಾಗಬಹುದಾದರೆ ನ್ಯಾಮತಿಯ ಓಣಿಯಲ್ಲಿ ಅಜ್ಜಿಯೊಬ್ಬಳು ಅರ್ಧ ದಖನಿ ಅರ್ಧ ಕನ್ನಡದಲ್ಲಿ ಮೊಮ್ಮಗನನ್ನು ಬೈಯುವುದೂ ಅಚ್ಚಾಗಬಹುದು.

ಬಾನು ಇದನ್ನು ಹಾಸನದ ಮಾತಿನಲ್ಲಿ ಮಾಡಿ ತೋರಿಸಿದರು. ಅವರ ಕಥೆಗಳಲ್ಲಿ ಕನ್ನಡದ ನಡುವೆ ದಖನಿ ಉರ್ದು, ಅರಬ್ಬಿ ಪದಗಳು ಮನೆಯವರ ಹಾಗೆ ಓಡಾಡಿಕೊಂಡಿವೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತರುವಾಗ ಅಂಥ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಲಂಡನ್ನಿನ ಓದುಗ ಅರ್ಥವಾಗದ್ದನ್ನು ಹಾಗೆಯೇ ದಾಟಿಕೊಂಡು ಓದಿದ. ನಮ್ಮ ಕನ್ನಡ ಪತ್ರಿಕೆಗಳ ಸಂಪಾದಕರು ಈಗಲೂ ‘ಅಮ್ಮೀಜಾನ್’ ಎಂದು ಬರೆದರೆ ಪಕ್ಕದಲ್ಲಿ ‘ತಾಯಿ’ ಎಂದು ಸೇರಿಸಿ ಕಳಿಸಿ ಎನ್ನುತ್ತಾರೆ.